ಉಪ್ಪಿದೆ, ಕ್ಲೋರಿನ್ ಎಲ್ಲಿ ಹೋಯಿತು?

ಉಪ್ಪುನೀರಿನ ಈಜುಕೊಳ ಎಂದ ಕೂಡಲೇ ಅದರಲ್ಲಿ ಕ್ಲೋರಿನ್ ಇರುವುದಿಲ್ಲ, ಉಪ್ಪೇ ನೀರನ್ನು ಕಾಯುತ್ತದೆ ಎಂದುಕೊಳ್ಳುವವರು ಬಹಳ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮನೆಯ ಉಪ್ಪುನೀರಿನ ಕೊಳದಲ್ಲಿರುವುದು ಅದರ ಹತ್ತನೇ ಒಂದು ಪಾಲು, ಲೀಟರಿಗೆ ಮೂರರಿಂದ ನಾಲ್ಕು ಗ್ರಾಂ ಮಾತ್ರ. ಇಷ್ಟು ಉಪ್ಪಿನಿಂದ ರೋಗಾಣುಗಳು ಸಾಯುವುದಿಲ್ಲ. ಅವನ್ನು ಕೊಲ್ಲುವುದು ಕ್ಲೋರಿನ್ನೇ. ಉಪ್ಪು ಅದಕ್ಕೆ ಕಚ್ಚಾವಸ್ತು. ಪಂಪ್ ರೂಮಿನ ಗೋಡೆಯಲ್ಲಿರುವ ಪುಟ್ಟ ಯಂತ್ರ ಆ ಉಪ್ಪಿನಿಂದ ದಿನವೂ ಒಂದಿಷ್ಟು ಕ್ಲೋರಿನ್ ತಯಾರಿಸಿ ಕೊಳಕ್ಕೆ ಕಳಿಸುತ್ತಿರುತ್ತದೆ.

ಬೆಂಗಳೂರಿನ ಮಾಗಡಿ ರಸ್ತೆಯ ಪಕ್ಕದ ಹೇರೋಹಳ್ಳಿಯಲ್ಲಿ ಹೆಚ್ಚಿನ ಮನೆಗಳು ನಿಂತಿರುವುದು 30×40 ಅಡಿಯ ಸೈಟುಗಳ ಮೇಲೆ. ಅಲ್ಲಿ ಸ್ವಂತ ಈಜುಕೊಳ ಅಪರೂಪ. ಅದೇ ರಸ್ತೆಯಲ್ಲಿ ಬ್ಯಾಡರಹಳ್ಳಿ ದಾಟಿ ತಾವರೆಕೆರೆ ಕಡೆಗೆ ಹೋದಂತೆ ತೋಟದ ಮನೆಗಳು, ವಿಲ್ಲಾಗಳು ಸಿಗುತ್ತವೆ, ಅವುಗಳ ಜೊತೆಗೆ ಕೊಳಗಳೂ. ಇಲ್ಲಿನ ಕೊಳಗಳಿಗೆ ತುಂಬುವುದು ಸಾಮಾನ್ಯವಾಗಿ ಬೋರ್‌ವೆಲ್ ನೀರು ಅಥವಾ ಟ್ಯಾಂಕರ್ ನೀರು. ಕೊಳ ನೋಡಿಕೊಳ್ಳುವವರ ತಲೆನೋವೂ ಹೆಚ್ಚುಕಡಿಮೆ ಒಂದೇ: ಉಪ್ಪು ಸರಿಯಾಗಿದೆ, ಯಂತ್ರದ ಹಸಿರು ದೀಪ ಉರಿಯುತ್ತಿದೆ, ಆದರೂ ಪರೀಕ್ಷೆ ಮಾಡಿದರೆ ಕ್ಲೋರಿನ್ ಇಲ್ಲ. ಆಗ ಇನ್ನೊಂದು ಚೀಲ ಉಪ್ಪು ಸುರಿಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ನೀರನ್ನೇ ಬರಿದು ಮಾಡಿ ಹೊಸದಾಗಿ ತುಂಬುತ್ತಾರೆ. ನೀರಿಗೆ ಇಷ್ಟು ತತ್ವಾರವಿರುವ ಊರಿನಲ್ಲಿ ಹಾಗೆ ಮಾಡಬೇಕಾಗಿಲ್ಲ. ಕ್ಲೋರಿನ್ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ತಿಳಿದಿದ್ದರೆ ಸಾಕು.

ಎರಡು ಫಲಕಗಳ ನಡುವೆ

ಯಂತ್ರದ ಹೃದಯಭಾಗ ಒಂದು ಸೆಲ್. ಪಾರದರ್ಶಕ ಕವಚದೊಳಗೆ ಟೈಟಾನಿಯಂ ಲೋಹದ ತೆಳು ಫಲಕಗಳು, ನಡುವೆ ಕೆಲವೇ ಮಿಲಿಮೀಟರ್ ಸಂದಿ. ಫಲಕಗಳ ಮೇಲೆ ರುಥೇನಿಯಂ, ಇರಿಡಿಯಂ ಆಕ್ಸೈಡುಗಳ ಅತಿ ತೆಳುವಾದ ಲೇಪ. ಉಪ್ಪುನೀರು ಈ ಸಂದಿಗಳಲ್ಲಿ ಹರಿಯುವಾಗ ಡಿಸಿ ವಿದ್ಯುತ್ ಹಾಯಿಸಿದರೆ ಧನ ಫಲಕದಲ್ಲಿ ಕ್ಲೋರಿನ್ ಹುಟ್ಟುತ್ತದೆ, ಋಣ ಫಲಕದಲ್ಲಿ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ಕ್ಲೋರಿನ್ ತಕ್ಷಣ ನೀರಿನಲ್ಲಿ ಕರಗಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ರೋಗಾಣುವಿನ ಹೊರಗೋಡೆಯನ್ನು ದಾಟಿ ಒಳಹೊಕ್ಕು ಅದನ್ನು ಮುಗಿಸುವುದು ಈ ಆಮ್ಲ. ತನ್ನ ಕೆಲಸ ಮುಗಿಸಿದ ಕ್ಲೋರಿನ್ ಮತ್ತೆ ಕ್ಲೋರೈಡ್ ಆಗಿ, ಅಂದರೆ ಉಪ್ಪಿನ ಭಾಗವಾಗಿ ನೀರಿಗೇ ಮರಳುತ್ತದೆ. ಹಾಗಾಗಿ ಕ್ಲೋರಿನ್ ತಯಾರಿಕೆಯಿಂದ ಉಪ್ಪು ಖಾಲಿಯಾಗುವುದಿಲ್ಲ. ನೀರು ಹೊರಚೆಲ್ಲಿದರೆ, ಫಿಲ್ಟರ್ ತೊಳೆದು ನೀರು ಹೊರಬಿಟ್ಟರೆ, ಮಳೆಗೆ ಕೊಳ ತುಂಬಿ ಹರಿದರೆ ಮಾತ್ರ ಉಪ್ಪು ಕಡಿಮೆಯಾಗುತ್ತದೆ.

ಎಷ್ಟು ವಿದ್ಯುತ್ತಿಗೆ ಎಷ್ಟು ಕ್ಲೋರಿನ್ ಎಂಬ ನಿಯಮವನ್ನು ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ಕಂಡುಕೊಂಡಿದ್ದ. ಒಂದು ಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ, ಏನೂ ವ್ಯರ್ಥವಾಗದಿದ್ದಲ್ಲಿ, 1.32 ಗ್ರಾಂ ಕ್ಲೋರಿನ್ ಸಿಗುತ್ತದೆ. ಫಲಕಗಳನ್ನು ಸಾಲಾಗಿ ಜೋಡಿಸಿದರೆ ಅದೇ ವಿದ್ಯುತ್ ಪ್ರತಿ ಸಂದಿಯಲ್ಲೂ ಅಷ್ಟಷ್ಟು ಕೊಡುತ್ತದೆ. ಮನೆ ಕೊಳದ ಯಂತ್ರಗಳ ಮೇಲೆ ಗಂಟೆಗೆ ಇಷ್ಟು ಗ್ರಾಂ ಎಂದು ಬರೆದಿರುವುದು ಈ ಲೆಕ್ಕದಿಂದಲೇ.

ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, 1.4 ಮೀಟರ್ ಆಳದ ಒಂದು ಕೊಳವನ್ನು ಈ ಅಧ್ಯಾಯದ ಉದ್ದಕ್ಕೂ ಇಟ್ಟುಕೊಳ್ಳೋಣ. ಅದರಲ್ಲಿ ಹಿಡಿಯುವ ನೀರು ಸುಮಾರು 45,000 ಲೀಟರ್. ಇಷ್ಟು ನೀರಿನಲ್ಲಿ ಕ್ಲೋರಿನ್ ಒಂದು ಪಿಪಿಎಂ, ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ ಏರಬೇಕಾದರೆ 45 ಗ್ರಾಂ ಬೇಕು. ಗಂಟೆಗೆ 15 ಗ್ರಾಂ ಕೊಡುವ ಯಂತ್ರ ಆರು ಗಂಟೆ ಓಡಿದರೆ 90 ಗ್ರಾಂ. ಇದು ದಿನಕ್ಕೆ ಎರಡು ಪಿಪಿಎಂ ಆದಾಯ. ಖರ್ಚು ಇದನ್ನು ಮೀರಿದ ದಿನದಿಂದ ಕೊಳದ ಕ್ಲೋರಿನ್ ಇಳಿಯತೊಡಗುತ್ತದೆ. ಮನೆಯ ಜಮಾ-ಖರ್ಚಿನಲ್ಲಿ ಹಣ ಕಡಿಮೆ ಬಿದ್ದಾಗ ಸಂಬಳ ಕಡಿತವಾಯಿತೋ, ದುಂದು ಹೆಚ್ಚಾಯಿತೋ ಎಂದು ಮೊದಲು ನೋಡುವುದಿಲ್ಲವೇ? ಇಲ್ಲೂ ಹಾಗೆಯೇ ನೋಡಬೇಕು.

ಮೊದಲು ಪರೀಕ್ಷೆಯನ್ನೇ ಪರೀಕ್ಷಿಸಿ

ಕಿಟ್‌ನ ಪುಟ್ಟ ಸೀಸೆಗೆ 10 ಮಿಲಿಲೀಟರ್ ಕೊಳದ ನೀರು ತುಂಬಿ, ಡಿಪಿಡಿ ಎಂಬ ರಾಸಾಯನಿಕದ ಮಾತ್ರೆ ಅಥವಾ ಹನಿ ಹಾಕಿದರೆ ಕ್ಲೋರಿನ್ ಇದ್ದಲ್ಲಿ ನೀರು ಗುಲಾಬಿಯಾಗುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಆದರೆ ಕ್ಲೋರಿನ್ ಹತ್ತು ಪಿಪಿಎಂ ದಾಟಿದಾಗ ಅದು ಆ ಗುಲಾಬಿ ಬಣ್ಣವನ್ನೇ ಸುಟ್ಟುಹಾಕಬಲ್ಲದು. ಆಗ ಸೀಸೆಯ ನೀರು ತಿಳಿಯಾಗಿಯೇ ಉಳಿಯುತ್ತದೆ, ನೋಡಿದವರು ಕ್ಲೋರಿನ್ ಸೊನ್ನೆ ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಅನುಮಾನ ಬಂದರೆ ಅರ್ಧ ಸೀಸೆ ಕೊಳದ ನೀರಿಗೆ ಅರ್ಧ ಸೀಸೆ ಆರ್‌ಒ ನೀರು ಬೆರೆಸಿ ಮತ್ತೆ ನೋಡಿ. ತಿಳಿನೀರು ಈಗ ಗುಲಾಬಿಗೆ ತಿರುಗಿದರೆ ಕ್ಲೋರಿನ್ ಕಡಿಮೆಯಿಲ್ಲ, ಅತಿಯಾಗಿದೆ.

ಮಾದರಿ ತೆಗೆಯುವ ಜಾಗವೂ ಮುಖ್ಯ. ಸೆಲ್‌ನಿಂದ ಹೊರಬಂದ ನೀರು ಕೊಳ ಸೇರುವ ಬಾಯಿಯ ಹತ್ತಿರ ಹಿಡಿದರೆ ಅಂಕಿ ಸುಳ್ಳೇ ಹೆಚ್ಚಾಗಿ ಕಾಣುತ್ತದೆ. ಅಲ್ಲಿಂದ ದೂರದಲ್ಲಿ, ಮೊಣಕೈ ಆಳದಲ್ಲಿ ಹಿಡಿದ ನೀರು ನಂಬಲು ಯೋಗ್ಯ.

ರಾತ್ರಿ ಹೇಳುವ ಸತ್ಯ

ಕ್ಲೋರಿನ್ ತಿನ್ನುವವು ಮುಖ್ಯವಾಗಿ ಎರಡು. ಒಂದು ಬಿಸಿಲು. ಇನ್ನೊಂದು ನೀರಿನೊಳಗಿನ ಕೊಳೆ: ಬೆವರು, ಎಣ್ಣೆ, ಎಲೆ, ಪಾಚಿ, ಬ್ಯಾಕ್ಟೀರಿಯಾ. ಎರಡನ್ನೂ ಬೇರೆ ಮಾಡಿ ನೋಡುವುದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ ಅಳೆದು ಬರೆದಿಡಿ. ಸೆಲ್ ಆಫ್ ಮಾಡಿ. ರಾತ್ರಿ ಯಾರೂ ನೀರಿಗಿಳಿಯಬಾರದು. ಬೆಳಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ಅಳೆಯಿರಿ.

ರಾತ್ರಿಯಲ್ಲಿ ಬಿಸಿಲಿನ ಖರ್ಚಿಲ್ಲ, ಸೆಲ್ ನಿಂತಿರುವುದರಿಂದ ಆದಾಯವೂ ಇಲ್ಲ. ಆದ್ದರಿಂದ ಕ್ಲೋರಿನ್ ಒಂದು ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಅದನ್ನು ತಿಂದದ್ದು ನೀರಿನೊಳಗಿನ ಜೀವಿಗಳು, ಕೊಳೆ. ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಪಾಚಿ ಆಗಲೇ ಹುಟ್ಟಿಕೊಂಡಿರಬಹುದು. ಇಳಿಕೆ ಒಂದಕ್ಕಿಂತ ಕಡಿಮೆಯಿದ್ದರೆ ನೀರು ಸ್ವಚ್ಛವಾಗಿದೆ. ಆಗ ಹುಡುಕಬೇಕಾದದ್ದು ಎರಡೇ ಕಡೆ: ಹಗಲಿನ ಬಿಸಿಲಿನಲ್ಲಿ, ಇಲ್ಲವೇ ಸೆಲ್‌ನ ಆದಾಯದಲ್ಲಿ.

ನೆತ್ತಿಯ ಮೇಲಿನ ಸೂರ್ಯ

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ವರ್ಷದಲ್ಲಿ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಮಧ್ಯಾಹ್ನದ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಗಳಿಗೆಯಲ್ಲಿ ನೆರಳಿರುವುದಿಲ್ಲ. ಶಾಲೆಗಳಲ್ಲಿ ಇದನ್ನು ಶೂನ್ಯ ನೆರಳಿನ ದಿನವೆಂದು ಮಕ್ಕಳಿಗೆ ತೋರಿಸುತ್ತಾರೆ. ಕೊಳದ ಕ್ಲೋರಿನ್ನಿಗೆ ಏಪ್ರಿಲ್‌ನ ಈ ದಿನಗಳು ಬಹಳ ಕಠಿಣ. ನೇರಳಾತೀತ ಕಿರಣ ವಾತಾವರಣದಲ್ಲಿ ಅತಿ ಕಡಿಮೆ ದೂರ ಹಾದು ನೀರಿಗೆ ಬೀಳುತ್ತದೆ, ಬೇಸಿಗೆಯ ಬಿಸಿಗೆ ಪಾಚಿಯೂ ಚುರುಕಾಗುತ್ತದೆ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತ್ತು.

ರಕ್ಷಣೆಯಿಲ್ಲದ ನೀರಿನಲ್ಲಿ ಕಡು ಬಿಸಿಲು ಒಂದು ಗಂಟೆಯೊಳಗೆ ಅರ್ಧದಷ್ಟು ಕ್ಲೋರಿನನ್ನು ಒಡೆದುಹಾಕುತ್ತದೆ. ಬೆಳಗ್ಗೆ ಮೂರು ಪಿಪಿಎಂ ಇದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಸೊನ್ನೆಯ ಹತ್ತಿರ. ಇದನ್ನು ತಡೆಯುವುದು ಸಯನೂರಿಕ್ ಆಮ್ಲ. ಅಂಗಡಿಯಲ್ಲಿ ಸ್ಟೆಬಿಲೈಸರ್ ಎಂದು ಕೇಳಬೇಕು. ಅದು ಕ್ಲೋರಿನನ್ನು ಸಡಿಲವಾಗಿ ಹಿಡಿದಿಟ್ಟುಕೊಂಡು ಬಿಸಿಲಿನಿಂದ ಕಾಯುತ್ತದೆ, ಬೇಕಾದಾಗ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಬಯಲಿನ ಕೊಳಕ್ಕೆ 30ರಿಂದ 50 ಪಿಪಿಎಂ ಸಾಮಾನ್ಯ ಸಲಹೆ. ಉಪ್ಪಿನ ಯಂತ್ರ ತಯಾರಿಸುವ ಹಲವರು 60ರಿಂದ 80 ಎನ್ನುತ್ತಾರೆ. ನಮ್ಮ 45,000 ಲೀಟರಿನ ಕೊಳಕ್ಕೆ 40 ಪಿಪಿಎಂ ಎಂದರೆ 1.8 ಕಿಲೋ.

ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸ್ಟೆಬಿಲೈಸರ್ ಅತಿಯಾದರೆ ಅದು ಕ್ಲೋರಿನನ್ನು ಬಿಗಿಯಾಗಿ ಹಿಡಿದುಕೊಂಡುಬಿಡುತ್ತದೆ. ಪರೀಕ್ಷೆಯಲ್ಲಿ ಕ್ಲೋರಿನ್ ಕಾಣುತ್ತದೆ, ಪಾಚಿ ಮಾತ್ರ ಬೆಳೆಯುತ್ತಲೇ ಇರುತ್ತದೆ. 90 ಪರ್ಸೆಂಟ್ ಎಂದು ಮಾರುವ ಟ್ರೈಕ್ಲೋರ್ ಮಾತ್ರೆಗಳಲ್ಲಿ ಸಯನೂರಿಕ್ ಆಮ್ಲ ಅಡಗಿರುತ್ತದೆ. ಅವುಗಳಿಂದ ಹತ್ತು ಪಿಪಿಎಂ ಕ್ಲೋರಿನ್ ಸಿಕ್ಕರೆ ಜೊತೆಗೆ ಸುಮಾರು ಆರು ಪಿಪಿಎಂ ಸ್ಟೆಬಿಲೈಸರ್ ಸೇರುತ್ತದೆ. ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಸ್ಟೆಬಿಲೈಸರ್ ಉಳಿದುಕೊಂಡು ಜಮೆಯಾಗುತ್ತದೆ. ಅದನ್ನು ಇಳಿಸಲು ನೀರು ಬದಲಾಯಿಸದೆ ಮನೆಯಲ್ಲಿ ಬೇರೆ ಸುಲಭ ದಾರಿಯಿಲ್ಲ.

ಬೋರ್ ನೀರಿನ ಬಿಳಿ ಪದರ

ಈಗ ಆದಾಯದ ಕಡೆಗೆ. ಈ ಭಾಗದಲ್ಲಿ ಸೆಲ್‌ನ ದೊಡ್ಡ ಶತ್ರು ಗಡಸು ನೀರು. ಬೆಂಗಳೂರಿನ ನೆಲದಡಿ ಇರುವುದು ಲಾಲ್‌ಬಾಗಿನ ಬಂಡೆಯಲ್ಲಿ ಕಾಣುವ ನೈಸ್ ಶಿಲೆ. ಅದರ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಗೀಸರಿನ ಕಾಯಿಲ್ ಮೇಲೆ ಕೂರುವ ಬಿಳಿ ಪದರ ಈ ಪಶ್ಚಿಮ ಬಡಾವಣೆಗಳ ಎಲ್ಲ ಮನೆಯವರಿಗೂ ಗೊತ್ತು. ಸೆಲ್‌ನ ಋಣ ಫಲಕದ ಬಳಿ ಹೈಡ್ರೋಜನ್ ಹುಟ್ಟುವಾಗ ನೀರು ಬಹಳ ಕ್ಷಾರೀಯವಾಗುತ್ತದೆ. ಅಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಿಂದ ಹೊರಬಿದ್ದು ಫಲಕಕ್ಕೆ ಅಂಟಿಕೊಳ್ಳುತ್ತದೆ. ಸಂದಿ ಮುಚ್ಚಿದಂತೆ ವಿದ್ಯುತ್ ಹರಿಯುವುದು ಕಡಿಮೆ, ಕ್ಲೋರಿನ್ನೂ ಕಡಿಮೆ.

ಬೇಸಿಗೆಯಲ್ಲಿ ಇದು ಬಿಗಡಾಯಿಸುವ ಬಗೆಯನ್ನು ಲೆಕ್ಕದಲ್ಲೇ ನೋಡಬಹುದು. 32 ಚದರ ಮೀಟರಿನ ನಮ್ಮ ಕೊಳದಿಂದ ದಿನಕ್ಕೆ ಐದು ಮಿಲಿಮೀಟರ್ ನೀರು ಆವಿಯಾದರೆ 160 ಲೀಟರ್, ತಿಂಗಳಿಗೆ 4,800 ಲೀಟರ್. ಆವಿಯಾಗುವುದು ಬರೀ ನೀರು. ಉಪ್ಪು, ಸುಣ್ಣ ಹಿಂದೆಯೇ ಉಳಿಯುತ್ತವೆ. ಆ ಜಾಗ ತುಂಬಲು ಬಂದ ಟ್ಯಾಂಕರ್ ನೀರಿನ ಗಡಸುತನ 500 ಪಿಪಿಎಂ ಇದ್ದರೆ ತಿಂಗಳಿಗೆ 2.4 ಕಿಲೋ ಸುಣ್ಣದಂಶ ಕೊಳಕ್ಕೆ ಸೇರುತ್ತದೆ, ಗಡಸುತನ 50 ಪಿಪಿಎಂಗೂ ಹೆಚ್ಚು ಏರುತ್ತದೆ. ಫೆಬ್ರವರಿಯಿಂದ ಮೇ ಮುಗಿಯುವಷ್ಟರಲ್ಲಿ 200 ದಾಟುತ್ತದೆ. ರಾತ್ರಿ ಕೊಳಕ್ಕೆ ಹೊದಿಕೆ ಹಾಕಿದರೆ ಆವಿ ಕಡಿಮೆಯಾಗುತ್ತದೆ, ಟ್ಯಾಂಕರ್ ಖರ್ಚು ಉಳಿಯುತ್ತದೆ, ಸೆಲ್ ಬಾಳಿಕೆಯೂ ಹೆಚ್ಚುತ್ತದೆ.

ಸೆಲ್ ಬಿಚ್ಚುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ಬಿಚ್ಚಿದ ಸೆಲ್ಲನ್ನು ಬೆಳಕಿಗೆ ಹಿಡಿದರೆ ಫಲಕಗಳ ನಡುವೆ ಆಚೆಬದಿ ಕಾಣಬೇಕು. ಕಾಣದೆ ಬಿಳಿ ಹೊಪ್ಪಳಿಕೆ ಕಂಡರೆ ಬಕೆಟ್ಟಿನಲ್ಲಿ ನಾಲ್ಕು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್ ನಿಧಾನವಾಗಿ ಸೇರಿಸಿ. ಯಾವಾಗಲೂ ನೀರಿಗೆ ಆಸಿಡ್. ಆಸಿಡ್ಡಿಗೆ ನೀರು ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಈ ದ್ರಾವಣದಲ್ಲಿ ಸೆಲ್ಲನ್ನು ಇಟ್ಟಾಗ ನೊರೆನೊರೆಯಾಗಿ ಗುಳ್ಳೆ ಏಳುತ್ತದೆ. ಅದು ಸುಣ್ಣ ಕರಗಿ ಹೊರಬರುವ ಇಂಗಾಲದ ಡೈಆಕ್ಸೈಡ್. ಗುಳ್ಳೆ ನಿಂತರೆ ಕೆಲಸ ಮುಗಿಯಿತು. ಸಾಮಾನ್ಯವಾಗಿ ಹತ್ತು ನಿಮಿಷ ಸಾಕು. ಸ್ಕ್ರೂಡ್ರೈವರಿನಿಂದ ಕೆರೆಯುವವರಿದ್ದಾರೆ. ಹಾಗೆ ಮಾಡಿದರೆ ರುಥೇನಿಯಂ ಲೇಪವೂ ಕಿತ್ತುಬರುತ್ತದೆ, ಸೆಲ್ ಸಾಯುತ್ತದೆ. ಚೆನ್ನಾಗಿ ನೋಡಿಕೊಂಡರೂ ಈ ಲೇಪ ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಫಲಕಗಳು ಶುಭ್ರವಾಗಿದ್ದು, ಉಪ್ಪು ಸರಿಯಿದ್ದು, ಆದರೂ ಕ್ಲೋರಿನ್ ಬರದಿದ್ದರೆ ಸೆಲ್ ಬದಲಾಯಿಸುವ ಕಾಲ ಬಂದಿದೆ ಎಂದರ್ಥ.

ಉಪ್ಪು, ಮಳೆ, ಟೈಮರ್

ಯಂತ್ರ ಉಪ್ಪು ಕಡಿಮೆ ಎಂದರೆ ಕಣ್ಣುಮುಚ್ಚಿ ನಂಬಬೇಡಿ. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಫಲಕಕ್ಕೆ ಸುಣ್ಣ ಕಟ್ಟಿದ್ದರೂ ಉಪ್ಪು ಕಡಿಮೆ ಎಂದೇ ತೋರಿಸುತ್ತದೆ. ಮನೆಯ ಟಿಡಿಎಸ್ ಪೆನ್ನು ಅಂದಾಜಿಗೆ ಒದಗುತ್ತದೆ, ಉಪ್ಪಿನ ಪರೀಕ್ಷಾಪಟ್ಟಿ ಇನ್ನೂ ಮೇಲು. ಉಪ್ಪು ಅತಿಯಾದರೆ ಅದಕ್ಕೂ ನೀರು ಚೆಲ್ಲುವುದೇ ಪರಿಹಾರವಾಗಿಬಿಡುತ್ತದೆ.

ಉಪ್ಪು ನಿಜಕ್ಕೂ ಇಳಿಯುವುದು ಸೆಪ್ಟೆಂಬರ್, ಅಕ್ಟೋಬರಿನ ದೊಡ್ಡ ಮಳೆಗಳಲ್ಲಿ. 1.4 ಮೀಟರ್ ಆಳದ ತುಂಬಿದ ಕೊಳಕ್ಕೆ 100 ಮಿಲಿಮೀಟರ್ ಮಳೆ ಬಿದ್ದು ಬೆರೆತು ಹೊರಚೆಲ್ಲಿದರೆ 3,200 ಪಿಪಿಎಂ ಇದ್ದ ಉಪ್ಪು 3,000ಕ್ಕೆ ಬರುತ್ತದೆ. ಸರಿಪಡಿಸಲು ಸುಮಾರು ಒಂಬತ್ತು ಕಿಲೋ ಸಾಕು. ಶುದ್ಧ ಸೋಡಿಯಂ ಕ್ಲೋರೈಡನ್ನೇ ಹಾಕಬೇಕು. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಹರಳುಪ್ಪು ಊಟಕ್ಕೆ ಬಲು ರುಚಿ, ಆದರೆ ಸಮುದ್ರದಿಂದಲೇ ಬಂದ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೆಲ್‌ಗೆ ಹೊರೆ.

ಇನ್ನೊಂದು ಚಿಕ್ಕ ಕಾರಣ ಕರೆಂಟು. ನೀರು ಹರಿಯದಿದ್ದರೆ ಸೆಲ್ ಕೆಲಸ ಮಾಡುವುದಿಲ್ಲ. ಹಳೆಯ ಮಾದರಿಯ ತಿರುಗುವ ಟೈಮರ್ ಇದ್ದರೆ ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ, ಗಂಟೆ ಹಿಂದೆ ಬೀಳುತ್ತದೆ. ರಾತ್ರಿ ಓಡಬೇಕಾದ ಪಂಪು ಕೆಲವು ವಾರಗಳಲ್ಲಿ ನಡುಹಗಲಿಗೆ ಜಾರಿರುತ್ತದೆ, ಇಲ್ಲವೇ ಯಾರೋ ಆಫ್ ಮಾಡಿರುತ್ತಾರೆ.

ಕೊರತೆ ತುಂಬುವ ಕ್ರಮ

ಕಾರಣ ಸಿಕ್ಕ ಮೇಲೆ ಪರಿಹಾರ ಕಷ್ಟವಲ್ಲ. ಮೊದಲು ಪಿಎಚ್ ನೋಡಿ. ಸೆಲ್‌ನಿಂದ ಏಳುವ ಗುಳ್ಳೆಗಳು ನೀರಿನ ಇಂಗಾಲದ ಡೈಆಕ್ಸೈಡನ್ನು ಹೊರಗಟ್ಟುವುದರಿಂದ ಉಪ್ಪುನೀರಿನ ಕೊಳದ ಪಿಎಚ್ ಸದಾ ಮೇಲಕ್ಕೆ ಹೋಗಲು ನೋಡುತ್ತದೆ. ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ ಪಿಎಚ್ 7.5 ಇದ್ದಾಗ ಕ್ಲೋರಿನ್‌ನ ಅರ್ಧದಷ್ಟು ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಭಾಗ ಮಾತ್ರ. ಸ್ಟೆಬಿಲೈಸರ್ ಇದ್ದಾಗ ಈ ಏರಿಳಿತ ಸ್ವಲ್ಪ ಮೆತ್ತಗಾಗುತ್ತದೆ. ಆದರೂ 7.8 ದಾಟಲು ಬಿಡಬಾರದು, ಏಕೆಂದರೆ ಪಿಎಚ್ ಏರಿದಷ್ಟೂ ಸುಣ್ಣ ಕಟ್ಟುವುದು ಹೆಚ್ಚು.

ರಾತ್ರಿ ಪರೀಕ್ಷೆಯಲ್ಲಿ ಪಾಚಿಯ ಸುಳಿವು ಸಿಕ್ಕಿದ್ದರೆ ಸೆಲ್ ಒಂದನ್ನೇ ನಂಬಿ ಕೂರಬೇಡಿ. ಸ್ಟೆಬಿಲೈಸರ್ 30 ಇರುವ ಕೊಳದಲ್ಲಿ ಪಾಚಿ ಸಾಯಬೇಕಾದರೆ ಕ್ಲೋರಿನ್ 12 ಪಿಪಿಎಂ ಆಸುಪಾಸಿಗೆ ಏರಿ ಅಲ್ಲೇ ನಿಲ್ಲಬೇಕು. ಅಂದರೆ 540 ಗ್ರಾಂ. ಗಂಟೆಗೆ 15 ಗ್ರಾಂ ಕೊಡುವ ಸೆಲ್‌ಗೆ ಅದು 36 ಗಂಟೆಯ ಕೆಲಸ, ಅಷ್ಟರಲ್ಲಿ ಬಿಸಿಲು ಮತ್ತು ಪಾಚಿ ಸೇರಿ ಬಂದದ್ದನ್ನೆಲ್ಲ ಮುಗಿಸಿರುತ್ತವೆ. ಸೆಲ್ ದಿನದ ಖರ್ಚು ತೂಗಿಸಬಲ್ಲದು, ಹಳೆಯ ಸಾಲ ತೀರಿಸಲಾರದು. ಅದಕ್ಕೆ ದ್ರವ ಸೋಡಿಯಂ ಹೈಪೋಕ್ಲೋರೈಟ್ ಬೇಕು. ಶೇ. 10ರ ಸಾಂದ್ರತೆಯ ಹೊಸ ಕ್ಯಾನಿನಿಂದ ಸುಮಾರು ಐದೂವರೆ ಲೀಟರನ್ನು ಸಂಜೆ, ಪಂಪ್ ಓಡುತ್ತಿರುವಾಗ ಸುರಿಯಬೇಕು. ಗೋಡೆಗಳನ್ನು ಉಜ್ಜಿ, ದಿನವೂ ಅಳೆದು, ಇಳಿದಷ್ಟನ್ನು ಮತ್ತೆ ತುಂಬಬೇಕು. ರಾತ್ರಿಯ ಇಳಿಕೆ ಒಂದು ಪಿಪಿಎಂ ಒಳಗೆ ಬಂದ ಮೇಲೆ ಕೊಳವನ್ನು ಸೆಲ್‌ನ ಕೈಗೆ ಒಪ್ಪಿಸಬಹುದು. ಕ್ಲೋರಿನ್ ಎಂದಿನ ಮಟ್ಟಕ್ಕೆ ಇಳಿಯುವವರೆಗೆ ಯಾರೂ ನೀರಿಗಿಳಿಯುವುದು ಬೇಡ. ಬಿಸಿಲಿನಲ್ಲಿಟ್ಟ ಕ್ಯಾನಿನ ಹೈಪೋ ಬೇಗ ಬಲ ಕಳೆದುಕೊಳ್ಳುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೆ ನೀರಿನ ಕ್ಯಾಲ್ಸಿಯಂ ಮತ್ತೂ ಏರುತ್ತದೆ. ಹೈಪೋ, ಬ್ಲೀಚಿಂಗ್ ಪೌಡರ್, ಟ್ರೈಕ್ಲೋರ್ ಮಾತ್ರೆ, ಆಸಿಡ್ ಯಾವುದನ್ನೂ ಒಂದಕ್ಕೊಂದು ತಾಕಿಸಬೇಡಿ. ಹೈಪೋ ಮತ್ತು ಆಸಿಡ್ ಬೆರೆತರೆ ಹೊರಬರುವ ಕ್ಲೋರಿನ್ ಅನಿಲ ಪಂಪ್ ರೂಮಿನಂಥ ಸಣ್ಣ ಕೋಣೆಯಲ್ಲಿ ಪ್ರಾಣಾಪಾಯ ತರುತ್ತದೆ.

ಕೊಳದ ಬಳಿ ಮೂಗಿಗೆ ಬಡಿಯುವ ವಾಸನೆ, ಕಣ್ಣುರಿ ಇದ್ದರೆ ಕ್ಲೋರಿನ್ ಹೆಚ್ಚಾಯಿತೆಂದು ಯಂತ್ರ ಆರಿಸುವುದು ವಾಡಿಕೆ. ಆ ವಾಸನೆ ಬೆವರು, ಮೂತ್ರದ ಅಂಶಗಳ ಜೊತೆ ಕ್ಲೋರಿನ್ ಸೇರಿ ಆದ ಕ್ಲೋರಮೈನುಗಳದು. ಸ್ವತಂತ್ರ ಕ್ಲೋರಿನ್ ಸಾಲದೆ ಬಂದಿದೆ ಎಂಬುದರ ಗುರುತು ಅದು.

ಇಷ್ಟು ಕಾಳಜಿ ಏಕೆ? ಒಂದು ಪಿಪಿಎಂ ಕ್ಲೋರಿನ್ ಇರುವ, ಸ್ಟೆಬಿಲೈಸರ್ ಇಲ್ಲದ, ಪಿಎಚ್ 7.5ರ ನೀರಿನಲ್ಲಿ ಅಪಾಯಕಾರಿ ಇ. ಕೋಲಿ ಒಂದು ನಿಮಿಷವೂ ಉಳಿಯುವುದಿಲ್ಲ. ಹೆಪಟೈಟಿಸ್-ಎ ವೈರಸ್ ಸುಮಾರು 16 ನಿಮಿಷ, ಜಿಯಾರ್ಡಿಯಾ 45 ನಿಮಿಷ ತಡೆಯುತ್ತವೆ. ಕ್ರಿಪ್ಟೋಸ್ಪೊರಿಡಿಯಂ ಮಾತ್ರ ಹತ್ತು ದಿನಕ್ಕೂ ಹೆಚ್ಚು ಬದುಕುತ್ತದೆ. ಭೇದಿಯಾದ ಮಗುವನ್ನು ಕೊಳಕ್ಕೆ ಇಳಿಸಬಾರದು ಎನ್ನುವುದು ಅದಕ್ಕಾಗಿ. 2024ರಲ್ಲಿ ಕೇರಳದಲ್ಲಿ ಮಕ್ಕಳ ಜೀವ ತೆಗೆದ, ಮೂಗಿನ ಮೂಲಕ ಮಿದುಳು ಸೇರುವ ಅಮೀಬಾ ಸಹ ಕ್ಲೋರಿನ್ ಇಲ್ಲದ ಬೆಚ್ಚಗಿನ ನೀರನ್ನೇ ಹುಡುಕುವ ಜೀವಿ.

ಕೊಳವಿಲ್ಲದ ಮನೆಗೂ ಈ ಲೆಕ್ಕ

2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗಾಗಿ ಜನ ಕಾದು ನಿಂತಿದ್ದಾಗ, ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನಗರದಂಚಿನ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಒದಗಿಸುವ ಯೋಜನೆ ಚಾಲೂ ಆಯಿತು. ಆ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಹಂತಹಂತವಾಗಿ ಮೇಲೆತ್ತಿ ತಂದ ನೀರು. ಒಂದು ಕೊಳ ಬರಿದು ಮಾಡಿ ತುಂಬುವುದೆಂದರೆ ಏಳೆಂಟು ಟ್ಯಾಂಕರ್ ನೀರನ್ನು ಚರಂಡಿಗೆ ಬಿಟ್ಟಂತೆ. ಸ್ಟೆಬಿಲೈಸರ್, ಉಪ್ಪು, ಗಡಸುತನ ಮೂರನ್ನೂ ಹದದಲ್ಲಿಟ್ಟವರ ಕೊಳದ ನೀರು ವರ್ಷಗಟ್ಟಲೆ ಬಾಳುತ್ತದೆ.

ಹೇರೋಹಳ್ಳಿಯಲ್ಲಿ ಕೊಳ ಇಲ್ಲದ ಮನೆಗಳೇ ಹೆಚ್ಚು, ಸಂಪ್ ಇಲ್ಲದ ಮನೆ ವಿರಳ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕ್ಲೋರಿನ್ ಬೆರೆಸಿದ ಕುಡಿಯುವ ನೀರು ನಲ್ಲಿಗೆ ಬರುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಸ್ವತಂತ್ರ ಕ್ಲೋರಿನ್ ಉಳಿದಿರಬೇಕು. ಬೋರ್‌ವೆಲ್‌ನಿಂದ ನೇರ ತುಂಬಿಸಿಕೊಂಡು ಬಂದ ಟ್ಯಾಂಕರ್ ನೀರಿನಲ್ಲಿ, ಯಾರೂ ಬೆರೆಸದಿದ್ದರೆ, ಕ್ಲೋರಿನ್ ಇರಲು ಸಾಧ್ಯವೇ ಇಲ್ಲ. ಕಾವೇರಿ ನೀರಿನಲ್ಲಿದ್ದದ್ದೂ ಕೆಸರು ಕಟ್ಟಿದ ಸಂಪಿನಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಖರ್ಚಾಗಬಹುದು. ಕೊಳಕ್ಕೆ ಬಳಸುವ ಅದೇ ಡಿಪಿಡಿ ಕಿಟ್ ಸಂಪಿನ ನೀರಿಗೂ ಸಲ್ಲುತ್ತದೆ; ನೀರು ಬಂದ ಸಂಜೆ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ಅಳೆದರೆ ಸಂಪು ತೊಳೆಯುವ ಕಾಲ ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಒಂದು ಬೀದಿಯವರು ಸೇರಿ ಒಂದು ಕಿಟ್ ಕೊಂಡರೂ ಎಲ್ಲರ ಮನೆಗೂ ಆಗುತ್ತದೆ. ಮಕ್ಕಳು ಕುಡಿಯುವ ನೀರಿನ ಲೆಕ್ಕವನ್ನು ನಾವೇ ಇಡುವುದಕ್ಕೆ ಇದಕ್ಕಿಂತ ಸುಲಭದ ಆರಂಭ ಬೇರೆ ಇಲ್ಲ.